ಏಳು ತಂತಿಯ ಚೌಡಯ್ಯನವರು

ಮೈಸೂರಿನಿಂದ 30 ಕಿಲೋಮೀಟರಿನಷ್ಟು ದೂರದಲ್ಲಿ, ಕಾವೇರಿಯೂ ಕಪಿಲೆಯೂ ಸೇರುವ ಎಡೆಯಲ್ಲಿ, ತಿರುಮಕೂಡಲು ಎಂಬ ಗ್ರಾಮವಿದೆ. ಒಂದು ದಡದಲ್ಲಿ ಅಗಸ್ತ್ಯೇಶ್ವರನ ಗುಡಿ, ಹೊಳೆಯಾಚೆ ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಸನ್ನಿಧಿ. ಯಾತ್ರಿಕರಿಗೆ ಇದು ಸಂಗಮಸ್ನಾನದ ಕ್ಷೇತ್ರ. ಸಂಗೀತ ಬಲ್ಲವರಿಗೆ ಈ ಊರಿನ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವುದು ಬೇರೊಂದು: ಪಿಟೀಲು ಚೌಡಯ್ಯನವರು. ಒಕ್ಕಲು ಕುಟುಂಬವೊಂದರಲ್ಲಿ 1895ರಲ್ಲಿ ಇಲ್ಲಿ ಹುಟ್ಟಿದ ಬಾಲಕ, ಮುಂದೆ ದಕ್ಷಿಣ ದೇಶದ ಸಭೆಗಳಲ್ಲೆಲ್ಲ 'ಮೈಸೂರು ಚೌಡಯ್ಯ' ಎಂದೇ ಪ್ರಖ್ಯಾತನಾದನು.

ಆ ಕಾಲದಲ್ಲಿ ಸಂಗೀತವು ಬಹುಮಟ್ಟಿಗೆ ಮನೆತನದ ಸೊತ್ತು. ವೈಣಿಕರ ಮಗ ವೈಣಿಕ, ನಾಗಸ್ವರದವರ ಮಗ ನಾಗಸ್ವರದವ. ಅಂಥ ಮನೆತನದ ಬೆಂಬಲವಿಲ್ಲದ ಹಳ್ಳಿಯ ಹುಡುಗನಿಗೆ ವಿದ್ಯೆ ದೊರೆಯಬೇಕಾದರೆ ಗುರುವಿನ ಮನೆಯೊಂದೇ ದಾರಿ. ಚೌಡಯ್ಯನವರಿಗೆ ಆ ಬಾಗಿಲು 1910ರಲ್ಲಿ ತೆರೆಯಿತು. ಗುರುಗಳು ಬಿಡಾರಂ ಕೃಷ್ಣಪ್ಪನವರು.

ಕೃಷ್ಣಪ್ಪನವರು ಪಿಟೀಲುಗಾರರಲ್ಲ, ಹಾಡುಗಾರರು ಎಂಬುದನ್ನು ಇಲ್ಲಿ ನೆನಪಿಡಬೇಕು. ಉಡುಪಿಯ ಕಡೆಯ ನಂದಳಿಕೆಯಿಂದ ಬಂದು, ಮೈಸೂರು ಅರಮನೆಯ ಮನ್ನಣೆ ಪಡೆದು, ಪಲ್ಲವಿ ಹಾಡುವುದರಲ್ಲಿ ಎಣೆಯಿಲ್ಲದವರೆನಿಸಿಕೊಂಡವರು ಅವರು. ವಿದ್ವತ್ಸಭೆಯಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಆಸನ ದೊರಕಿಸಿಕೊಟ್ಟವರೂ ಅವರೇ. ಅಂಥವರ ಮನೆಯಲ್ಲಿ ಎಂಟು ವರ್ಷ, 1918ರವರೆಗೆ, ಶಿಷ್ಯನು ಕಲಿತದ್ದು ಕಂಠದ ಸಂಗೀತವನ್ನು. ಬೆರಳಿನಲ್ಲಿ ಅದನ್ನು ಹೊರಡಿಸಬೇಕಾದದ್ದು ಅವನ ಸ್ವಂತ ಪ್ರಯಾಸ. ಹಾಡುವವನು ಎಲ್ಲಿ ಉಸಿರೆಳೆಯುತ್ತಾನೆ, ಸಾಹಿತ್ಯದ ಯಾವ ಅಕ್ಷರಕ್ಕೆ ಒತ್ತು ಕೊಡುತ್ತಾನೆ, ಗಮಕವನ್ನು ಎಷ್ಟು ಹೊತ್ತು ತೂಗಿಸಿ ಬಿಡುತ್ತಾನೆ ಎಂಬುದೆಲ್ಲ ಕಮಾನಿಗೆ ಇಳಿಯಬೇಕು. ಪಿಟೀಲನ್ನೇ ಬಲ್ಲ ಗುರುವಿನ ಬಳಿ ಇಷ್ಟು ಕಾಲ ಕಳೆದಿದ್ದರೆ ಚೌಡಯ್ಯನವರ ಕೈ ಇನ್ನಷ್ಟು ನಯವಾಗುತ್ತಿತ್ತೋ ಏನೋ; ಆದರೆ ಗಾಯಕನ ಮನಸ್ಸನ್ನು ಮುಂಚಿತವಾಗಿಯೇ ಅರಿತು ನುಡಿಸುವ ಆ ಶಕ್ತಿ ಬರುತ್ತಿರಲಿಲ್ಲ.

ಪಿಟೀಲು ನಮ್ಮ ದೇಶದ ವಾದ್ಯವಲ್ಲ ಎಂಬುದು ಎಲ್ಲರೂ ಬಲ್ಲ ಮಾತು. ಮುತ್ತುಸ್ವಾಮಿ ದೀಕ್ಷಿತರ ಸೋದರ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ, ಅಂದರೆ ಹತ್ತೊಂಬತ್ತನೆಯ ಶತಮಾನದ ಆದಿಭಾಗದಿಂದ, ಅದು ಕರ್ನಾಟಕ ಸಂಗೀತದ ಮಡಿಲಿಗೆ ಬಂತು. ಬಂದದ್ದು ನಿಂತು ನುಡಿಸುವ ವಾದ್ಯವಾಗಿ, ಇಲ್ಲಿ ಉಳಿದದ್ದು ಚಕ್ಕಮಕ್ಕಳ ಹಾಕಿ ಕುಳಿತು, ತುದಿಯನ್ನು ಪಾದದ ಮೇಲೆ ಊರಿಕೊಂಡು ನುಡಿಸುವ ವಾದ್ಯವಾಗಿ. ಶ್ರುತಿಯೂ ನಮ್ಮದಾಯಿತು: ಷಡ್ಜ, ಪಂಚಮ, ಮತ್ತೆ ಷಡ್ಜ, ಮತ್ತೆ ಪಂಚಮ. ನೂರು ವರ್ಷ ತುಂಬುವಷ್ಟರಲ್ಲಿ ಪಿಟೀಲಿಲ್ಲದ ಕಚೇರಿಯನ್ನು ಊಹಿಸುವುದೇ ಕಷ್ಟವಾಯಿತು.

ಆದರೂ ಒಂದು ಕೊರತೆ ಉಳಿದಿತ್ತು. ಚೌಡಯ್ಯನವರು ವೇದಿಕೆ ಹತ್ತಿದ ಕಾಲದಲ್ಲಿ ಧ್ವನಿವರ್ಧಕವೆಂಬುದು ಇರಲಿಲ್ಲ. ದೇವಸ್ಥಾನದ ಪ್ರಾಕಾರದಲ್ಲಿಯೋ ಮದುವೆಯ ಚಪ್ಪರದಲ್ಲಿಯೋ ಸಾವಿರ ಜನ ಕೂತಿರುವರು. ಗಾಯಕರ ಕಂಠಗಳೋ ಪಳಗಿದವು. ಮೂರು ಸ್ಥಾಯಿಗಳಲ್ಲಿ ತುಂಬಿ ಬರುವಂಥವು. ಬಿಡಾರಂ ಕೃಷ್ಣಪ್ಪನವರಂಥವರ, ಚೆಂಬೈ ವೈದ್ಯನಾಥ ಭಾಗವತರಂಥವರ ಪಕ್ಕದಲ್ಲಿ ಕೂತು ನಾಲ್ಕು ತಂತಿಯ ಸಣ್ಣ ನಾದವನ್ನು ಹಿಂದಿನ ಸಾಲಿಗೆ ಮುಟ್ಟಿಸುವುದು ಹೇಗೆ? ಮುಂದೆ ಕೂತ ಧಣಿಗಳಿಗೆ ಪಿಟೀಲು ಕೇಳಿಸುತ್ತಿತ್ತು. ಹಿಂದೆ ನಿಂತ ರೈತನಿಗೆ ಕಮಾನು ಆಡುವುದಷ್ಟೇ ಕಾಣುತ್ತಿತ್ತು. ಗಾಯಕರು ವಿಶ್ರಮಿಸಿಕೊಂಡು ಪಿಟೀಲುಗಾರನಿಗೆ ಆಲಾಪನೆಯ ಸರದಿ ಬಿಟ್ಟಾಗಲಂತೂ ಸಭೆಯ ಅರ್ಧ ಭಾಗ ಮಾತಿಗೆ ತೊಡಗುವುದು ಸಹಜವೇ ಆಗಿತ್ತು.

ಬೇರೆಯವರು ಇದನ್ನು ಪಕ್ಕವಾದ್ಯದವನ ಹಣೆಬರಹವೆಂದು ಸುಮ್ಮನಿದ್ದರು. ಚೌಡಯ್ಯನವರು ಸುಮ್ಮನಿರಲಿಲ್ಲ. 1920ರ ದಶಕದಲ್ಲಿ ಅವರು ವಾದ್ಯದ ಮೇಲೆಯೇ ಕೈಮಾಡಿದರು. ನಾಲ್ಕು ತಂತಿಗಳಿದ್ದ ಕಡೆ ಇನ್ನೂ ಮೂರನ್ನು ಸೇರಿಸಿ, ಏಳು ತಂತಿಯ ಪಿಟೀಲನ್ನು ಸಿದ್ಧಪಡಿಸಿಕೊಂಡರು. ತಂತಿಗೆ ಜೊತೆತಂತಿ, ಕಮಾನು ಒಮ್ಮೆ ಹಾದರೆ ಎರಡೂ ನುಡಿದು ನಾದ ದುಂಡಾಗುವುದು.

ಹೇಳುವುದಕ್ಕೆ ಇದು ಎರಡು ವಾಕ್ಯದ ವಿಷಯ. ಮಾಡಿ ನೋಡಿದವರಿಗೆ ಅದರ ಕಷ್ಟ ಗೊತ್ತು. ಬಿರಡೆಗಳಿಗೆ ಜಾಗ ಹುಡುಕಬೇಕು; ಕುದುರೆಯ ಮೇಲೆ ತಂತಿಗಳ ಅಂತರವನ್ನು ಹೊಸದಾಗಿ ಗುರುತಿಸಬೇಕು; ಹೆಚ್ಚಿದ ಬಿಗಿತವನ್ನು ಆ ತೆಳು ಮರ ತಾಳಬೇಕು. ಇದಕ್ಕಿಂತ ದೊಡ್ಡ ಕಷ್ಟ ಬೆರಳಿನದು. ಜೋಡಿಯ ಎರಡು ತಂತಿಗಳನ್ನೂ ಒಂದೇ ಬೆರಳು ಒಂದೇ ಕ್ಷಣದಲ್ಲಿ, ಒಂದೇ ಸ್ಥಾನದಲ್ಲಿ ಒತ್ತಬೇಕು. ಕೂದಲೆಳೆಯಷ್ಟು ಓರೆಯಾದರೂ ಒಂದು ತಂತಿ ಇನ್ನೊಂದರೊಡನೆ ಜಗಳಕ್ಕೆ ನಿಲ್ಲುತ್ತದೆ. ನಿಂತ ಸ್ವರದಲ್ಲಿಯೇ ಹೀಗಾದರೆ, ತೋಡಿ ಭೈರವಿಗಳ ಗಮಕದಲ್ಲಿ, ಬೆರಳು ಉಯ್ಯಾಲೆಯಾಡುವಾಗ ಗತಿಯೇನು? ಬೇಗಡೆಯ ಜಾರಿನಲ್ಲಿ ಎರಡೂ ತಂತಿ ಜೊತೆಬಿಡದೆ ಸಾಗಬೇಡವೇ? ಇಂಥ ವಾದ್ಯದಲ್ಲಿ ಅಪಶ್ರುತಿ ಮುಚ್ಚಿಹೋಗುವುದಿಲ್ಲ, ಇಮ್ಮಡಿಯಾಗುತ್ತದೆ. ಚೌಡಯ್ಯನವರ ಸಾಧನೆಯ ಗಾತ್ರವನ್ನು ಅಳೆಯಬೇಕಾದದ್ದು ತಂತಿಗಳ ಸಂಖ್ಯೆಯಿಂದಲ್ಲ. ಅವನ್ನು ಶ್ರುತಿಯಲ್ಲಿಟ್ಟು ಗಂಟೆಗಟ್ಟಲೆ ಗಾಯಕರೊಡನೆ ಸರಿಸಮವಾಗಿ ನುಡಿಸಿದ ಆ ಎಡಗೈಯಿಂದ.

ಎಲ್ಲರೂ ಮೆಚ್ಚಿದರೆಂದಲ್ಲ. ಪಕ್ಕವಾದ್ಯವು ಗಾಯನದ ನೆರಳಿನಂತಿರಬೇಕು, ಇಷ್ಟು ಗಟ್ಟಿಯಾದ ನಾದವೇಕೆ ಎಂಬ ಆಕ್ಷೇಪವಿತ್ತು. ನಾಲ್ಕು ತಂತಿಯಲ್ಲಿ ಸಿಕ್ಕುವ ಎಳೆಎಳೆಯಾದ ಮಾಧುರ್ಯ ಏಳರಲ್ಲಿ ಎಲ್ಲಿ ಬಂದೀತು ಎಂದವರೂ ಇದ್ದರು. ಆ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಅದೇ ಕಾಲದಲ್ಲಿ ಇನ್ನಿಬ್ಬರು ಪಿಟೀಲು ದಿಗ್ಗಜರಿದ್ದರು: ಕುಂಭಕೋಣದ ರಾಜಮಾಣಿಕ್ಯಂ ಪಿಳ್ಳೆಯವರು ಮತ್ತು ದ್ವಾರಂ ವೆಂಕಟಸ್ವಾಮಿ ನಾಯಡುಗಾರು. ಆಂಧ್ರದ ವಿಜಯನಗರದಲ್ಲಿ ಹೆಸರಾದ ನಾಯಡುಗಾರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಅನೇಕರು ಮರೆತಿದ್ದಾರೆ. ಅವರದು ಏಕಾಂತದಲ್ಲಿ ಕೇಳಬೇಕಾದ ನಯದ ಕೈ. ಚೌಡಯ್ಯನವರದು ಸಭೆಯನ್ನು ಎದುರಿಸಿ ನಿಲ್ಲುವ ಕೈ. ಒಬ್ಬರ ಗುಣವನ್ನು ಇನ್ನೊಬ್ಬರಲ್ಲಿ ಹುಡುಕಿ ಇಲ್ಲವೆಂದು ಕೊರಗಿದವರು ಇಬ್ಬರನ್ನೂ ಕಳೆದುಕೊಂಡರು.

ಗಾಯಕರಂತೂ ಚೌಡಯ್ಯನವರನ್ನು ಬಿಡಲಿಲ್ಲ. ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರು, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಘಟಾನುಘಟಿಗಳ ಪಕ್ಕದಲ್ಲಿ ಅವರ ಪಿಟೀಲು ಮೊಳಗಿತು. ಅವುಗಳಲ್ಲೆಲ್ಲ ಜನರ ನಾಲಗೆಯ ಮೇಲೆ ನಿಂತದ್ದು ಚೆಂಬೈ, ಚೌಡಯ್ಯ, ಪಾಲ್ಘಾಟ್ ಮಣಿ ಅಯ್ಯರ್ ಈ ಮೂವರ ಕೂಟ. ಚೆಂಬೈಯವರ ಗಂಡುಕಂಠಕ್ಕೆ ಏಳು ತಂತಿಯ ನಾದ ತಕ್ಕ ಜೋಡಿ. ಇಬ್ಬರ ನಡುವೆ ಲಯದ ಸೂತ್ರ ಹಿಡಿದವರು ಮಣಿ ಅಯ್ಯರ್.

ಈ ಮೂವರನ್ನು ಒಟ್ಟಿಗೆ ಕಣ್ಣಿನಿಂದಲೂ ಕಾಣುವ ಅವಕಾಶ ಕನ್ನಡಿಗರಿಗೆ ದೊರೆತದ್ದು ಒಂದು ವಿಚಿತ್ರ ಸಾಹಸದಿಂದ. ಚೌಡಯ್ಯನವರು ಚಲನಚಿತ್ರ ತೆಗೆಯಲು ಹೊರಟರು! 1943ರಲ್ಲಿ ತೆರೆಕಂಡ ಆ ಚಿತ್ರ 'ವಾಣಿ'. ನಿರ್ದೇಶಕರು ರಂಗಭೂಮಿಯ ಕೆ. ಹಿರಣ್ಣಯ್ಯನವರು. ಮುಂದೆ ಕನ್ನಡ ತೆರೆಯ ತಾಯಿಯೆನಿಸಿದ ಪಂಡರಿಬಾಯಿಯವರು ಮೊದಲು ಕಾಣಿಸಿಕೊಂಡದ್ದು ಇದರಲ್ಲಿಯೇ. ಯುದ್ಧದ ದಿನಗಳು, ಫಿಲ್ಮಿಗೆ ಬರಗಾಲ. ವ್ಯಾಪಾರ ಬಲ್ಲವರು ಹಿಂದೆಗೆಯುತ್ತಿದ್ದ ಹೊತ್ತಿನಲ್ಲಿ ಒಬ್ಬ ಪಿಟೀಲು ವಿದ್ವಾಂಸರು ಮುನ್ನುಗ್ಗಿದರು. ಹಣದ ದೃಷ್ಟಿಯಿಂದ ಅದು ಜಾಣತನವೆನಿಸಲಿಲ್ಲ. ಆದರೆ ಚೆಂಬೈ ಹಾಡುತ್ತಿರಲು ಚೌಡಯ್ಯ, ಮಣಿ ಅಯ್ಯರ್ ಇಬ್ಬರೂ ಇಕ್ಕೆಲದಲ್ಲಿ ಕೂತ ದೃಶ್ಯ ಇಂದಿಗೂ ಉಳಿದಿದೆಯೆಂದರೆ, ಅದು ಆ ನಷ್ಟದ ಕೊಡುಗೆ.

ಅರಮನೆಯ ಆಸ್ಥಾನ ವಿದ್ವಾಂಸರಾಗಿ 1939ರಲ್ಲಿ ನೇಮಕ, ಮದರಾಸಿನ ಸಂಗೀತ ಅಕಾಡೆಮಿಯಿಂದ 1957ರಲ್ಲಿ 'ಸಂಗೀತ ಕಲಾನಿಧಿ' ಬಿರುದು: ಗೌರವಗಳಿಗೆ ಕೊರತೆಯಾಗಲಿಲ್ಲ. ಹಾಡುಗಾರರಿಗೇ ಮೊದಲ ಮಣೆಯಿದ್ದ ಸಭೆಯಲ್ಲಿ ಪಕ್ಕವಾದ್ಯದ ವಿದ್ವಾಂಸರೊಬ್ಬರು ಅಧ್ಯಕ್ಷಪೀಠವೇರಿದ್ದು ಸಣ್ಣ ಸಂಗತಿಯಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ ಪಾಠ ಹೇಳಿದರು. ಕೀರ್ತನೆಗಳನ್ನು ರಚಿಸಿದರು, ಅವುಗಳ ಅಂಕಿತ 'ತ್ರಿಮಕುಟ'. ಎಷ್ಟು ಊರು ಸುತ್ತಿದರೂ ಹುಟ್ಟೂರಿನ ಹೆಸರನ್ನು ಅವರು ಹೀಗೆ ಹಾಡಿನೊಳಗೆ ಕಟ್ಟಿಟ್ಟುಕೊಂಡರು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಸಭೆಗಳಿಗೆ ಧ್ವನಿವರ್ಧಕ ಬಂತು, ಮನೆಗಳಿಗೆ ರೇಡಿಯೋ ಬಂತು. ಯಾವ ಕೊರತೆಯನ್ನು ನೀಗಲು ಚೌಡಯ್ಯನವರು ಮೂರು ತಂತಿ ಸೇರಿಸಿದ್ದರೋ ಆ ಕೊರತೆಯನ್ನು ಒಂದು ಹಿಡಿಯಷ್ಟು ಯಂತ್ರ ನೀಗಿಬಿಟ್ಟಿತು. ಮೆಲ್ಲಗೆ ನುಡಿಸಿದವನ ಪಿಟೀಲೂ ಕಟ್ಟಕಡೆಯ ಸಾಲಿಗೆ ಕೇಳಿಸತೊಡಗಿತು. ಏಳು ತಂತಿಯ ಅವಶ್ಯಕತೆ ತೀರಿತೆಂದು ಬೇರೆಯವರು ಭಾವಿಸಬಹುದಾಗಿತ್ತು, ಅವರು ಭಾವಿಸಲಿಲ್ಲ. ಬದಲಾಗಿ, ಹತ್ತೊಂಬತ್ತು ತಂತಿಗಳವರೆಗೆ ಪ್ರಯೋಗ ನಡೆಸಿದರು. ಗಟ್ಟಿಯಾಗಿ ಕೇಳಿಸಬೇಕೆಂದು ಹುಡುಕಲು ಹೊರಟವರಿಗೆ ದಾರಿಯಲ್ಲಿ ಬೇರೆಯೇ ಒಂದು ನಾದ ಸಿಕ್ಕಿ, ಅದರ ಮೋಹ ಅವರನ್ನು ಬಿಡಲಿಲ್ಲವೆಂದು ತೋರುತ್ತದೆ. ಹಾಗಲ್ಲದಿದ್ದರೆ ಇಷ್ಟು ಶ್ರಮದ ವಾದ್ಯವನ್ನು ಮುಪ್ಪಿನಲ್ಲಿ ಯಾರು ತಾನೇ ಹೊತ್ತು ತಿರುಗುತ್ತಾರೆ?

1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು. ಶಿಷ್ಯರಲ್ಲಿ ವಿ. ಸೇತುರಾಮಯ್ಯನವರು, ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿಯವರು ಪ್ರಸಿದ್ಧರಾದರು. ಏಳು ತಂತಿಯನ್ನೇ ಹಿಡಿದು ದಶಕಗಳ ಕಾಲ ನುಡಿಸಿದವರು ರುದ್ರಪಟ್ಟಣದ ಆರ್. ಆರ್. ಕೇಶವಮೂರ್ತಿಗಳು. 2006ರಲ್ಲಿ ಅವರೂ ಗತಿಸಿದರು. ಇಂದು ಕಛೇರಿಗೆ ಬರುವ ಪಿಟೀಲುಗಳಲ್ಲಿ ಹೆಚ್ಚಿನವು ನಾಲ್ಕು ತಂತಿಯವು. ಐದು ತಂತಿಯದು ಅಲ್ಲೊಂದು ಇಲ್ಲೊಂದು.

ಬೆಂಗಳೂರಿನ ಮಲ್ಲೇಶ್ವರದ ಮಗ್ಗುಲಲ್ಲಿ 1980ರಲ್ಲಿ ಚೌಡಯ್ಯ ಸ್ಮಾರಕ ಭವನ ಎದ್ದಿತು. ಕಟ್ಟಡದ ರೂಪವೇ ಪಿಟೀಲು. ತಂತಿ, ಕುದುರೆ, ಬಿರಡೆ, ಕಮಾನು ಎಲ್ಲವೂ ಇವೆ. ಸಾವಿರ ಮಂದಿ ಕೂಡುವ ಆ ಸಭಾಂಗಣದಲ್ಲಿ ಸಂಗೀತ, ನಾಟಕ, ಶಾಲಾ ವಾರ್ಷಿಕೋತ್ಸವಗಳು ಒಂದರ ಹಿಂದೊಂದು ನಡೆಯುತ್ತವೆ. ನುಡಿಸುವವರ ಮುಂದೆ ಧ್ವನಿವರ್ಧಕವಿರುತ್ತದೆ. ಹಿಂದಿನ ಸಾಲಿನವರಿಗೂ ಪಿಟೀಲು ಚೆನ್ನಾಗಿ ಕೇಳಿಸುತ್ತದೆ.