ಬೆನ್ನ ಮೇಲಿನ ಆರು ಬೆಟ್ಟ

‘ಫೆಮಿನಿಸಂ ಎಲ್ಲಾ ಫಾರಿನ್ನಿಂದ ಬಂದಿದ್ದು ಕಣೇ, ನಮ್ಮ ಸಂಸ್ಕೃತಿಗೆ ಒಗ್ಗಲ್ಲ.’

ಕ್ಯಾಂಟೀನಿನಲ್ಲೋ ವಾಟ್ಸ್‌ಆ್ಯಪ್ ಗ್ರೂಪಿನಲ್ಲೋ ಈ ಮಾತು ಕೇಳದ ಹುಡುಗಿಯರು ಇರಲಿಕ್ಕಿಲ್ಲ. ಇದೇ ಮಾತಿಗೆ ನೈಜೀರಿಯಾದ ಒಬ್ಬ ಇಂಗ್ಲಿಷ್ ಪ್ರೊಫೆಸರ್ ದಶಕಗಳ ಕಾಲ ಉತ್ತರ ಕೊಡುತ್ತಾ ಬಂದರು. ಹೆಸರು ಮೊಲಾರಾ ಒಗುಂಡಿಪೆ.

1940ರಲ್ಲಿ ಲಾಗೋಸ್‌ನಲ್ಲಿ ಹುಟ್ಟಿದ ಆಕೆ ಇಬಾದಾನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ, 1963ರಲ್ಲಿ ಇಂಗ್ಲಿಷ್ ಆನರ್ಸ್‌ನಲ್ಲಿ ಫಸ್ಟ್ ಕ್ಲಾಸ್ ಪಡೆದರು. ನೈಜೀರಿಯಾ ಸ್ವತಂತ್ರವಾಗಿ ಆಗಿನ್ನೂ ಮೂರೇ ವರ್ಷ. ಮುಂದೆ ಇಬಾದಾನ್‌ನಲ್ಲೇ ಪಾಠ ಮಾಡಿದರು, ಕವಿತೆ ಬರೆದರು, ಪತ್ರಿಕೆಗೆ ಬರೆದರು, ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1982ರಲ್ಲಿ ‘ವಿಮೆನ್ ಇನ್ ನೈಜೀರಿಯಾ’ ಸಂಘಟನೆ ಕಟ್ಟಿದವರಲ್ಲಿ ಅವರೂ ಒಬ್ಬರು. ಮದುವೆಯ ನಂತರ ಒಗುಂಡಿಪೆ-ಲೆಸ್ಲಿ ಎಂದು ಬರೆಯುತ್ತಿದ್ದವರು ಆಮೇಲೆ ಲೆಸ್ಲಿಯನ್ನು ಕೈಬಿಟ್ಟರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರ ಬೆಟ್ಟಗಳ ಲೆಕ್ಕ. ಚೀನಾದ ಮಾವೋ ತನ್ನ ದೇಶದ ಜನರ ಬೆನ್ನ ಮೇಲೆ ಬೆಟ್ಟಗಳಿವೆ, ಹೆಂಗಸಿನ ಬೆನ್ನಿಗೆ ಇನ್ನೊಂದು ಹೆಚ್ಚು ಎಂದಿದ್ದ. ಮೊಲಾರಾ ಆ ಹೋಲಿಕೆಯನ್ನೇ ಎತ್ತಿಕೊಂಡು ಆಫ್ರಿಕಾದ ಹೆಂಗಸಿನ ಮೇಲೆ ಆರು ಬೆಟ್ಟಗಳಿವೆ ಎಂದರು. ಹೊರಗಿನಿಂದ ಬಂದ ದಬ್ಬಾಳಿಕೆ, ಅಂದರೆ ವಸಾಹತುಶಾಹಿ, ಒಂದು. ತನ್ನದೇ ನೆಲದ ಸಂಪ್ರದಾಯ ಎರಡು. ಬಡತನ, ಓದಿಲ್ಲದ ಸ್ಥಿತಿ, ಹಿಂದುಳಿದಿರುವಿಕೆ ಮೂರು. ನಾಲ್ಕನೆಯದು ಗಂಡಸರು. ಐದನೆಯದು ಮೈಬಣ್ಣ, ಜನಾಂಗ. ಆರನೆಯದು? ಆಕೆಯೇ.

ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ, ಒಂದು ಬೀಮ್ ಬಾಗಿದರೆ ಅದರ ಮೇಲೆ ಎಷ್ಟು ಲೋಡ್, ಎಲ್ಲೆಲ್ಲಿ ಬಿದ್ದಿದೆ ಎಂದು ಮೊದಲು ಗುರುತು ಹಾಕಿಕೊಳ್ಳುತ್ತೇವೆ. ಒಂದೇ ಬಾಣ ಬರೆದು ‘ಗಂಡಸರು’ ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ‘ಬ್ರಿಟಿಷರು’ ಎಂದಷ್ಟೇ ಬರೆದರೂ ತಪ್ಪುತ್ತದೆ. ಮೊಲಾರಾ ಎರಡೂ ಕಡೆಯವರಿಗೆ ಬೇಸರ ತರಿಸಿದ್ದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಪಶ್ಚಿಮದ ಸ್ತ್ರೀವಾದಿಗಳಿಗೆ ಅವರು ಬಣ್ಣ, ಸಾಲ, ವಸಾಹತು ನೆನಪಿಸಿದರು. ಊರಿನ ಗಂಡಸರಿಗೆ ‘ಎಲ್ಲವನ್ನೂ ಬಿಳಿಯರ ತಲೆಗೆ ಕಟ್ಟಬೇಡಿ’ ಎಂಬಂತೆ ಬರೆದರು.

ಇನ್ನು ಫಾರಿನ್ ಮಾಲು ಎಂಬ ಆರೋಪ. ಇದಕ್ಕೆ ಅವರು ತಮ್ಮ ನೆಲದ ಹೆಂಗಸರ ಪ್ರತಿರೋಧವನ್ನೇ ತೋರಿಸುತ್ತಿದ್ದರು. ನೈಜೀರಿಯಾದ ಚರಿತ್ರೆಯಲ್ಲಿ ಅದಕ್ಕೆ ಬರವಿಲ್ಲ. 1929ರಲ್ಲಿ ಬ್ರಿಟಿಷರು ಹೆಂಗಸರಿಗೂ ತೆರಿಗೆ ಹಾಕುತ್ತಾರೆಂಬ ಸುದ್ದಿ ಹಬ್ಬಿದಾಗ ಆಗ್ನೇಯ ನೈಜೀರಿಯಾದಲ್ಲಿ ಸಾವಿರಾರು ಹೆಂಗಸರು ಬೀದಿಗಿಳಿದರು. ತಪ್ಪು ಮಾಡಿದ ಗಂಡಸಿನ ಮನೆ ಮುಂದೆ ಗುಂಪಾಗಿ ಕೂತು, ಹಾಡಿ ಕುಣಿದು ಮಾನ ಕಳೆಯುವುದು ಅಲ್ಲಿನ ಹಳೆಯ ಪದ್ಧತಿ. ಅದನ್ನೇ ಸರ್ಕಾರ ನೇಮಿಸಿದ ಮುಖ್ಯಸ್ಥರ ಮೇಲೆ ಪ್ರಯೋಗಿಸಿದರು. ಗುಂಡಿಗೆ ಐವತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಅಬೆಯೊಕುಟಾದಲ್ಲಿ ಫುನ್ಮಿಲಾಯೊ ರ‍್ಯಾನ್ಸಮ್-ಕುಟಿ ನೇತೃತ್ವದಲ್ಲಿ ಸಂತೆಯ ಹೆಂಗಸರು ತೆರಿಗೆ ವಿರುದ್ಧ ಎದ್ದು, 1949ರಲ್ಲಿ ಅಲ್ಲಿನ ರಾಜ ಗದ್ದುಗೆ ಬಿಡುವಂತೆ ಮಾಡಿದರು. ಇವರಲ್ಲಿ ಬಹುಪಾಲು ಜನ ಯಾವ ಫೆಮಿನಿಸ್ಟ್ ಪುಸ್ತಕ ಓದಿದ್ದರು?

ಆದರೂ ಆ ಪದದ ಜಗಳ ಮುಗಿಯಲಿಲ್ಲ. ಮೊಲಾರಾ ಬುದ್ಧಿವಂತಿಕೆಯಿಂದ ಹೊಸ ಪದವನ್ನೇ ಹುಟ್ಟಿಸಿದರು: ‘ಸ್ಟಿವಾ’. ಆಫ್ರಿಕಾದಲ್ಲಿ ಹೆಂಗಸರನ್ನೂ ಒಳಗೊಂಡ ಸಮಾಜದ ಪರಿವರ್ತನೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. 1994ರ ತಮ್ಮ ‘ರೀ-ಕ್ರಿಯೇಟಿಂಗ್ ಅವರ್‌ಸೆಲ್ವ್ಸ್’ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಪಶ್ಚಿಮವನ್ನು ನಕಲು ಮಾಡುತ್ತೀರಾ ಎಂಬ ವಾದದಲ್ಲಿ ಸಮಯ ಹಾಳಾಗದೆ, ನೇರ ಕೆಲಸದ ಮಾತಿಗೆ ಬರಲಿ ಎಂಬುದು ಉದ್ದೇಶ. ಪದ ಅಷ್ಟೇನೂ ಜನಪ್ರಿಯವಾಗಲಿಲ್ಲ ಬಿಡಿ. ನನಗೂ ಅದು ಯಾವುದೋ ಸರ್ಕಾರಿ ಯೋಜನೆಯ ಹೆಸರಿನಂತೆ ಕೇಳಿಸುತ್ತದೆ.

ಸಾಹಿತ್ಯದ ವಿಷಯದಲ್ಲಿ ಅವರ ಪೆಟ್ಟು ಇನ್ನೂ ನೇರ. ಆಫ್ರಿಕಾದ ಗಂಡು ಲೇಖಕರ ಕತೆಗಳಲ್ಲಿ ಹೆಣ್ಣು ಒಂದೋ ಎಲ್ಲ ಸಹಿಸುವ ಮಹಾತಾಯಿ, ಇಲ್ಲವೋ ದಾರಿ ತಪ್ಪಿದ ಪೇಟೆಯ ಹೆಂಗಸು. ತಾಯಿಯನ್ನು ಹೊಗಳಿದ್ದೇ ಹೊಗಳಿದ್ದು. ಆ ತಾಯಿಗೆ ಏನನ್ನಿಸುತ್ತದೆ ಎಂದು ಕೇಳಿದವರು ಕಡಿಮೆ. ಹೆಣ್ಣು ಲೇಖಕಿಗೆ ಮೂರು ಬದ್ಧತೆ ಇರಬೇಕು ಎಂದರು ಮೊಲಾರಾ: ಬರಹಗಾರಳಾಗಿ, ಹೆಣ್ಣಾಗಿ, ಮೂರನೇ ಜಗತ್ತಿನ ವ್ಯಕ್ತಿಯಾಗಿ. ಜೊತೆಗೆ, ‘ನಾನು ಫೆಮಿನಿಸ್ಟ್ ಅಲ್ಲ’ ಎಂದು ಅವಸರದಲ್ಲಿ ಘೋಷಿಸುವ ಲೇಖಕಿಯರನ್ನೂ ಅವರು ಬಿಡಲಿಲ್ಲ. ಅದೇನು ಅಪರಾಧವೇ ಎಂಬುದು ಅವರ ಪ್ರಶ್ನೆ.

ಆ ಆರನೇ ಬೆಟ್ಟ ನನ್ನನ್ನು ಇನ್ನೂ ಕಾಡುತ್ತಿದೆ. ಐದು ಬೆಟ್ಟ ಹೊತ್ತವಳಿಗೆ ‘ನೀನೂ ನಿನಗೆ ಭಾರ’ ಎನ್ನುವುದು ಅನ್ಯಾಯವಲ್ಲವೇ? ಮೊದಲು ಓದಿದಾಗ ಸಿಟ್ಟೇ ಬಂತು. ಆದರೆ ಮೊಲಾರಾ ಅದನ್ನು ಬೈಗುಳವಾಗಿ ಬರೆದಿಲ್ಲ. ಉಳಿದ ಬೆಟ್ಟಗಳ ಮಾತನ್ನು ಕೇಳಿ ಕೇಳಿ ಹೆಣ್ಣು ತನ್ನ ಬಗ್ಗೆ ತಾನೇ ಕೀಳಾಗಿ ಯೋಚಿಸುವುದನ್ನು ಕಲಿಯುತ್ತಾಳೆ. ಉಳಿದದ್ದನ್ನು ಇಳಿಸಲು ಕೈ ಎತ್ತಬೇಕಾದವಳೂ ಅವಳೇ ಆದ್ದರಿಂದ ಇದೇ ಎಲ್ಲಕ್ಕಿಂತ ಮುಖ್ಯ ಎಂಬುದು ಅವರ ವಾದ. ಮೆಷಿನ್ ಲ್ಯಾಬಿನಲ್ಲಿ ಸ್ಪ್ಯಾನರ್ ಹುಡುಗನ ಕೈಗೆ ಕೊಟ್ಟು, ರೀಡಿಂಗ್ ಬರೆಯಲು ತಾನಾಗಿಯೇ ಹಿಂದೆ ಸರಿಯುವ ಗೆಳತಿಯರನ್ನು ನೋಡುವಾಗ ಈ ವಾದವನ್ನು ಅಲ್ಲಗಳೆಯಲು ನನ್ನಿಂದಾಗುತ್ತಿಲ್ಲ.

ಮೊಲಾರಾ 2019ರ ಜೂನ್‌ನಲ್ಲಿ, ತಮ್ಮ 78ನೇ ವಯಸ್ಸಿನಲ್ಲಿ ತೀರಿಕೊಂಡರು.