ಗೃಹನಿರ್ಮಾಣವೂ ಕಂತ್ರಾಟುದಾರನೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಈ ಎರಡು ಕಾರ್ಯಗಳಲ್ಲಿ ಮದುವೆಯ ವಿಷಯದಲ್ಲಿ ನಮ್ಮ ಜನರು ತಕ್ಕಷ್ಟು ಎಚ್ಚರವುಳ್ಳವರೇ ಸರಿ. ವರನ ಮನೆತನವೇನು, ವಿದ್ಯೆಯೇನು, ನಡತೆಯೇನು ಎಂಬುದನ್ನು ಮೂರು ಊರುಗಳಲ್ಲಿ ವಿಚಾರಿಸಿದ ಹೊರತು ತಾಂಬೂಲ ಬದಲಾಯಿಸುವುದಿಲ್ಲ. ಆದರೆ ಜೀವಮಾನದ ಗಳಿಕೆಯನ್ನೆಲ್ಲ ಒಬ್ಬ ಕಂತ್ರಾಟುದಾರನ ಕೈಗೆ ಒಪ್ಪಿಸುವಾಗ ಆತನನ್ನು ಒಂದು ಮಾತಾದರೂ ಕೇಳುವವರು ಎಷ್ಟು ಮಂದಿ? ನೆರೆಮನೆಯವರ ಅಂಗಳಕ್ಕೆ ಕಲ್ಲು ಹಾಸಿದವನು, ಮಾತು ಸವಿ, ದರ ಕಡಿಮೆ. ಇಷ್ಟೇ ನಮ್ಮ ವಿಚಾರಣೆ. ಈ ಲೇಖಕನೂ ಒಮ್ಮೆ ಹಾಗೆಯೇ ನಡೆದುಕೊಂಡವನಾದುದರಿಂದ ಇತರರನ್ನು ದೂರುವ ಅಧಿಕಾರ ಅವನಿಗಿಲ್ಲ. ನಡೆದುದನ್ನು ಹೇಳುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ನಾನು ಮಂಗಳೂರಿನಲ್ಲಿ ಅಧ್ಯಾಪಕನಾಗಿದ್ದಾಗ, ಈಗ್ಗೆ ಹದಿಮೂರು ವರ್ಷಗಳ ಹಿಂದೆ, ಹಂಚಿನ ಮನೆಯ ಒಂದು ಪಾರ್ಶ್ವವನ್ನು ಕೆಡವಿಸಿ ಮೇಲೊಂದು ಕೋಣೆಯನ್ನು ಕಟ್ಟಿಸಲು ತೊಡಗಿದೆನು. ಬೇಸಗೆಯಲ್ಲಿ ಮುಗಿಯಬೇಕಾಗಿದ್ದ ಕೆಲಸವು ಆಷಾಢದವರೆಗೆ ಬೆಳೆಯಿತು. ಒಂದು ದಿನ ಬೆಳಗ್ಗೆ, ಮಳೆಯಲ್ಲಿ ನೆನೆದ ಸಾರವೆಯ ಹಲಗೆ ಜಾರಿ, ಬಾಗಲಕೋಟೆಯ ಕಡೆಯಿಂದ ಬಂದಿದ್ದ ಒಬ್ಬ ತರುಣನು ಕೆಳಕ್ಕೆ ಬಿದ್ದನು. ತೊಡೆಯ ಎಲುಬು ಮುರಿಯಿತು. ಕಂತ್ರಾಟುದಾರನನ್ನು ಕರೆದು ಕೇಳಿದರೆ, “ಮಾಷ್ಟ್ರೇ, ಅವನು ನನ್ನ ಜನ ಅಲ್ಲ. ಮೇಸ್ತ್ರಿ ದಿನಗೂಲಿಗೆ ಕರೆದುಕೊಂಡು ಬಂದದ್ದು” ಎಂದನು. ಮೇಸ್ತ್ರಿಯನ್ನು ಕೇಳಿದರೆ, “ನಾನೂ ಕೂಲಿಯವನೇ ಅಲ್ಲವೇ? ಮನೆ ನಿಮ್ಮದು” ಎಂದನು. ಆ ತರುಣನ ಹೆಂಡತಿ ಕೈಗೂಸನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಜಗಲಿಯಲ್ಲಿ ಕುಳಿತಿದ್ದಳು. ಯಾರನ್ನೂ ಏನನ್ನೂ ಕೇಳಲಿಲ್ಲ. ಆಸ್ಪತ್ರೆಯ ವೆಚ್ಚದಲ್ಲಿ ಅರ್ಧವನ್ನು ನಾನು ಕೊಟ್ಟೆ, ಉಳಿದುದನ್ನು ಅವರಿಬ್ಬರೂ ಗೊಣಗುತ್ತ ಹಂಚಿಕೊಂಡರು. ನಾಲ್ಕು ತಿಂಗಳು ಕೆಲಸವಿಲ್ಲದೆ ಕುಳಿತ ಆ ಸಂಸಾರಕ್ಕೆ ನನ್ನ ಮನೆಯಾಕೆ ಅಕ್ಕಿ ಕಳುಹಿಸಿದಳು. ಆಕೆಯೇ ಒಂದು ರಾತ್ರಿ, “ನಾವು ಕೊಟ್ಟದ್ದನ್ನು ಅವಳು ಎರಡು ಕೈಯೊಡ್ಡಿ ತೆಗೆದುಕೊಂಡಳು. ಅದು ಅವಳಿಗೆ ಸಲ್ಲಬೇಕಾದ ಹಣವಾಗಿದ್ದರೆ ಹಾಗೆ ಕೈಯೊಡ್ಡಬೇಕಾಗಿತ್ತೇ?” ಎಂದು ಕೇಳಿದಳು. ಮೂವತ್ತು ವರ್ಷ ವ್ಯಾಕರಣ ಕಲಿಸಿದ ನನಗೆ ಆ ಪ್ರಶ್ನೆಗೆ ಉತ್ತರ ತೋಚಲಿಲ್ಲ.

ಬಳಿಕ ಕಾಯಿದೆಯ ಪುಸ್ತಕಗಳನ್ನು ತಿರುವಿ ನೋಡಿದಾಗ ತಿಳಿದುಬಂದ ಮೊದಲನೆಯ ಸಂಗತಿಯು ನನ್ನನ್ನು ಬೆರಗುಗೊಳಿಸಿತು. ನಮ್ಮಲ್ಲಿ ಕಟ್ಟಡಕ್ಕೆ ಪರವಾನಗಿ ಬೇಕು, ಕಟ್ಟುವವನಿಗೆ ಬೇಕಾಗಿಲ್ಲ! ಖಾಸಗಿ ಗೃಹಸ್ಥನ ಮನೆಯನ್ನು ಯಾರು ಬೇಕಾದರೂ ಗುತ್ತಿಗೆ ಹಿಡಿಯಬಹುದು. ಲೋಕೋಪಯೋಗಿ ಇಲಾಖೆಯು ಕಂತ್ರಾಟುದಾರರನ್ನು ದರ್ಜೆ ದರ್ಜೆಯಾಗಿ ನೋಂದಾಯಿಸುವುದುಂಟು. ಆದರೆ ಅದು ಸರಕಾರದ ಕೆಲಸಗಳಿಗಾಗಿ. ನಕ್ಷೆ ಬರೆಯುವ ವಾಸ್ತುಶಿಲ್ಪಿಗೆ 1972ರ ಕಾಯಿದೆಯಂತೆ ನೋಂದಣಿ ಬೇಕು. ವಿದ್ಯುತ್ತಿನ ತಂತಿ ಎಳೆಯುವವನಿಗೂ ಪರವಾನಗಿ ಬೇಕು. ನಡುವೆ ನಿಂತು ಅಡಿಪಾಯದಿಂದ ಮಾಡಿನವರೆಗೆ ಎಲ್ಲವನ್ನೂ ನಡೆಸುವವನಿಗೆ ಮಾತ್ರ ಏನೂ ಬೇಡ. ಜಿ.ಎಸ್.ಟಿ. ಸಂಖ್ಯೆಯನ್ನು ತೋರಿಸಿ ಇದೇ ತನ್ನ ಪರವಾನಗಿಯೆಂದು ಹೇಳುವವರನ್ನು ನಾನು ಕಂಡಿದ್ದೇನೆ. ತೆರಿಗೆ ಕಟ್ಟುವ ಯೋಗ್ಯತೆಯೂ ಗೋಡೆ ಕಟ್ಟುವ ಯೋಗ್ಯತೆಯೂ ಒಂದೇ ಅಲ್ಲವಷ್ಟೆ.

ಎಲ್ಲ ದೇಶಗಳಲ್ಲಿಯೂ ಹೀಗೆಯೇ ಎಂದು ತಿಳಿಯಬಾರದು. ಅಮೆರಿಕದ ಪಶ್ಚಿಮ ತೀರದ ಸಾನ್ ಡಿಯಾಗೋ ನಗರದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಅವನಿರುವ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಕಂತ್ರಾಟುದಾರರಿಗೆ ಪರವಾನಗಿ ಕೊಡುವುದಕ್ಕೆಂದೇ 1929ರಲ್ಲಿ ಏರ್ಪಟ್ಟ ಮಂಡಳಿಯೊಂದುಂಟು. ಸಾವಿರ ಡಾಲರಿಗೆ ಕಡಿಮೆಯಾದ ಚಿಲ್ಲರೆ ಕೆಲಸಗಳನ್ನು ಬಿಟ್ಟರೆ ಪರವಾನಗಿಯಿಲ್ಲದವನು ಕೆಲಸ ಹಿಡಿಯುವಂತಿಲ್ಲ. ಪರವಾನಗಿ ಪಡೆಯುವವನು 25,000 ಡಾಲರುಗಳ ಜಾಮೀನನ್ನೂ ಒದಗಿಸಬೇಕು. ಇದನ್ನು ಕೇಳಿ ನನಗೆ ಕೌಟಿಲ್ಯನ ಅರ್ಥಶಾಸ್ತ್ರವು ನೆನಪಾಯಿತು. ಅದರ ನಾಲ್ಕನೆಯ ಅಧಿಕರಣವು ಕಾರುಕರ ವಿಷಯದಿಂದಲೇ ಆರಂಭವಾಗುತ್ತದೆ. ಕಾಲ ಮೀರಿ ಕೆಲಸ ಮಾಡಿದವನಿಗೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಇಮ್ಮಡಿ ದಂಡ. ಇತರರ ವಸ್ತುವನ್ನು ಕಾರುಕನು ಪಡೆಯಬೇಕಾದರೆ ಅವನ ಶ್ರೇಣಿಯು, ಎಂದರೆ ಕಸುಬಿನವರ ಸಂಘವು, ಹೊಣೆ ನಿಲ್ಲಬೇಕು. ಅವನಿಗೆ ವಿಪತ್ತು ಬಂದರೆ ಶ್ರೇಣಿಯೇ ಆ ವಸ್ತುವಿಗೆ ಉತ್ತರ ಹೇಳಬೇಕು. ಹಳೆಯದೆಲ್ಲವೂ ಒಳ್ಳೆಯದೆಂದು ವಾದಿಸುವವನು ನಾನಲ್ಲ. ಆದರೆ ಒಬ್ಬನ ಹಿಂದೆ ಇನ್ನೊಬ್ಬನು ಹೊಣೆಯಾಗಿ ನಿಲ್ಲುವ ಆ ಏರ್ಪಾಡು ನಮ್ಮ ಊರಿನಲ್ಲಿ ಇಂದು ಇಲ್ಲದಿರುವುದು ನಿಜ. ಆ ತೆರವನ್ನು ಗೃಹಸ್ಥನೇ ತನ್ನ ವಿಚಾರಣೆಯಿಂದ ತುಂಬಬೇಕಾಗಿದೆ.

ಕಟ್ಟಡದ ಪರವಾನಗಿಯ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಕಚೇರಿಗೆ ಅಲೆದವರಿಗೆ ಇದು ತಿಳಿದೇ ಇದೆ. ನೆಲವು ಕೃಷಿಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶ, ಬಡಾವಣೆಯಲ್ಲಿಲ್ಲದ ಒಂಟಿ ನಿವೇಶನಕ್ಕೆ ನಗರಾಭಿವೃದ್ಧಿ ಪ್ರಾಧಿಕಾರದ ವಿನ್ಯಾಸ ಮಂಜೂರಾತಿ, ಖಾತೆ, ಆ ಬಳಿಕ 1976ರ ಪೌರನಿಗಮಗಳ ಕಾಯಿದೆಯಂತೆ ಮಹಾನಗರಪಾಲಿಕೆಯ ಪರವಾನಗಿ. ಕೆಲಸ ಮುಗಿದ ಮೇಲೆ ಸ್ವಾಧೀನಾನುಭವ ಪ್ರಮಾಣಪತ್ರವನ್ನು ಪಡೆಯತಕ್ಕದ್ದು. ಈ ಕೊನೆಯ ಪತ್ರವನ್ನು ಬಹಳ ಮಂದಿ ಅಲಕ್ಷಿಸುತ್ತಿದ್ದರು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಇದಿಲ್ಲದೆ ನೀರು, ವಿದ್ಯುತ್ತುಗಳ ಸಂಪರ್ಕವನ್ನು ಕೊಡಕೂಡದೆಂದು ನಿರ್ದೇಶಿಸಿದ ಬಳಿಕ ಅಲಕ್ಷ್ಯಕ್ಕೆ ಎಡೆ ಕಡಿಮೆಯಾಗಿದೆ. ಚಿಕ್ಕ ಮನೆಗಳಿಗೆ ರಿಯಾಯಿತಿಯ ಮಾತು ಕೇಳಿಬರುತ್ತದೆ. ನಿಮ್ಮ ಮನೆಗೆ ಅದು ಸಲ್ಲುವುದೇ ಎಂಬುದನ್ನು ಕಚೇರಿಯಲ್ಲಿಯೇ ವಿಚಾರಿಸಿರಿ, ಕಂತ್ರಾಟುದಾರನ ಬಾಯಿಮಾತನ್ನು ನೆಚ್ಚಬೇಡಿರಿ.

ಕರಾವಳಿಯ ನಗರಗಳಲ್ಲಿ ಇನ್ನೊಂದು ಅಪ್ಪಣೆಯುಂಟು. ಅದನ್ನು ಮರೆತರೆ ಉಳಿದುವೆಲ್ಲ ವ್ಯರ್ಥ. ಕೇಂದ್ರ ಸರಕಾರವು 1991ರಲ್ಲಿ ಮೊದಲು ಹೊರಡಿಸಿ, 2011ರಲ್ಲಿಯೂ 2019ರಲ್ಲಿಯೂ ಹೊಸದಾಗಿ ಪ್ರಕಟಿಸಿದ ಕರಾವಳಿ ನಿಯಂತ್ರಣ ವಲಯದ ನಿಯಮಗಳವು. ಸಮುದ್ರದ ಉಬ್ಬರದ ರೇಖೆಯಿಂದ 500 ಮೀಟರುಗಳವರೆಗಿನ ನೆಲವು ಇದಕ್ಕೆ ಒಳಪಟ್ಟಿದೆಯೆಂಬುದನ್ನು ಅನೇಕರು ಬಲ್ಲರು. ಆದರೆ ಸಮುದ್ರವೇ ಕಾಣದ ಕಡೆಗಳಲ್ಲಿಯೂ, ಉಬ್ಬರದ ಉಪ್ಪುನೀರು ಏರಿಬರುವ ಹೊಳೆಗಳ ದಡದಲ್ಲಿ, 50 ಮೀಟರು ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಕಡಿಮೆಯಾದಷ್ಟು ನೆಲವು ಇದರೊಳಗೆ ಬರುವುದೆಂದು ತಿಳಿದವರು ಸ್ವಲ್ಪ. 2011ರ ನಿಯಮದಲ್ಲಿ ಅದು 100 ಮೀಟರಿನವರೆಗೂ ಇತ್ತು. ನೇತ್ರಾವತಿ, ಫಲ್ಗುಣಿಗಳೆರಡೂ ಬಂದು ಕಡಲನ್ನು ಸೇರುವ ನಮ್ಮ ಊರಿನಲ್ಲಿ ತೆಂಗಿನ ತೋಟದ ನಡುವೆ ಹೊಳೆಯ ಬದಿಯ ಐದು ಸೆಂಟ್ಸ್ ನಿವೇಶನವನ್ನು ಕೊಳ್ಳುವವರು ಇದನ್ನು ಮೊದಲು ನೋಡಬೇಕು. ಸ್ಥಳೀಯ ಸಂಸ್ಥೆಯು ಪರವಾನಗಿ ಕೊಟ್ಟಿದೆಯಲ್ಲ ಎಂಬ ಧೈರ್ಯ ಸಾಲದು. ಕೊಚ್ಚಿಯ ಮರಡಿನಲ್ಲಿ ಪಂಚಾಯತಿಯ ಪರವಾನಗಿಯಿಂದಲೇ ಎದ್ದ ವಸತಿ ಸಮುಚ್ಚಯಗಳನ್ನು, ಕರಾವಳಿ ಪ್ರಾಧಿಕಾರದ ಅಪ್ಪಣೆಯಿಲ್ಲದುದರಿಂದ ಕೆಡವಬೇಕೆಂದು ಸುಪ್ರೀಂ ಕೋರ್ಟು 2019ರ ಮೇ ತಿಂಗಳಲ್ಲಿ ಆಜ್ಞಾಪಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕಗಳನ್ನಿಟ್ಟು ನಾಲ್ಕು ಸಮುಚ್ಚಯಗಳನ್ನೂ ನೆಲಸಮ ಮಾಡಿದರು. ಮುನ್ನೂರಕ್ಕೂ ಮೇಲ್ಪಟ್ಟ ಮನೆಗಳು ಕೆಲವು ಕ್ಷಣಗಳಲ್ಲಿ ಧೂಳಾದುವು. ಅವನ್ನು ಕೊಂಡವರಲ್ಲಿ ಎಷ್ಟೋ ಮಂದಿ ತಮ್ಮ ನಿವೃತ್ತಿಯ ಹಣವನ್ನು ಅಲ್ಲಿ ಸುರಿದವರು.

ಇನ್ನು ವಿಮೆಯ ವಿಷಯ. ಯೋಗವೆಂದರೆ ಇಲ್ಲದುದನ್ನು ಪಡೆಯುವುದು, ಕ್ಷೇಮವೆಂದರೆ ಪಡೆದುದನ್ನು ಕಾಪಾಡುವುದು ಎಂದು ನಾವು ತರಗತಿಯಲ್ಲಿ ಅರ್ಥ ಹೇಳುತ್ತಿದ್ದೆವು. ಮನೆಯ ಯೋಗಕ್ಕೆ ಬ್ಯಾಂಕಿನಿಂದ ಸಾಲ ತರುವವನು ಕ್ಷೇಮಕ್ಕಾಗಿ ನೂರರಲ್ಲಿ ಒಂದು ಪಾಲನ್ನು ಎತ್ತಿಡಲು ಹಿಂಜರಿಯುವುದೇಕೋ ತಿಳಿಯದು. ಕಟ್ಟುತ್ತಿರುವ ಕಟ್ಟಡಕ್ಕೆ ಕಂತ್ರಾಟುದಾರನ ಸರ್ವಾಪಾಯ ವಿಮೆಯೆಂಬುದು ಒಂದುಂಟು. ಕಟ್ಟುವ ಕಾಲದಲ್ಲಿ ಬೆಂಕಿ, ನೆರೆ, ಬಿರುಗಾಳಿ, ಕುಸಿತ ಮೊದಲಾದುವುಗಳಿಂದ ಕೆಲಸಕ್ಕಾಗುವ ನಷ್ಟವನ್ನೂ, ದಾರಿಹೋಕರಿಗೋ ನೆರೆಯವರಿಗೋ ಆಗುವ ಹಾನಿಯನ್ನೂ ಅದು ಭರಿಸುತ್ತದೆ. ತಪ್ಪು ನಕ್ಷೆಯ ದೋಷವನ್ನು ಸರಿಪಡಿಸುವ ವೆಚ್ಚವನ್ನು ಭರಿಸದು. ಇಲ್ಲಿ ಒಂದು ಸೂಕ್ಷ್ಮವಿದೆ. ನೆಲವನ್ನು ಅಗೆದು ನೆರೆಯವನ ಗೋಡೆಯ ಆಧಾರವನ್ನು ಸಡಿಲಿಸಿದ್ದರಿಂದ ಆಗುವ ಹಾನಿಯು, ಪ್ರತ್ಯೇಕವಾಗಿ ಹಣ ತೆತ್ತು ಸೇರಿಸಿಕೊಂಡ ಹೊರತು, ಸಾಮಾನ್ಯವಾಗಿ ಈ ವಿಮೆಗೆ ಒಳಪಡುವುದಿಲ್ಲ. ಮುರಕಲ್ಲಿನ ಗುಡ್ಡಗಳನ್ನು ಕಡಿದು ಮೆಟ್ಟಿಲು ಮೆಟ್ಟಿಲಾಗಿ ಮನೆ ಕಟ್ಟುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಹೊಯ್ಯುವ ನಮ್ಮ ಊರಿಗೆ ಇದಕ್ಕಿಂತ ಮುಖ್ಯವಾದ ಅಂಶವು ಬೇರೆ ಯಾವುದಿದೆ? ಮುರಕಲ್ಲು ಒಣಗಿದಾಗ ಕಬ್ಬಿಣದಂತೆ ಕಾಣುತ್ತದೆ. ಅದರ ಕೆಳಗಿನ ಜೇಡಿಯು ನೀರು ಕುಡಿದಾಗ ಬೆಣ್ಣೆಯಂತಾಗುತ್ತದೆ. 2024ರ ಜುಲೈ 3ರಂದು ಬಲ್ಮಠದಲ್ಲಿ ಬಹುಮಹಡಿಯ ಕಟ್ಟಡಕ್ಕಾಗಿ ಅಗೆದ ಹೊಂಡದೊಳಗೆ ಮಣ್ಣು ಕುಸಿದು ಇಬ್ಬರು ಕೆಲಸಗಾರರು ಸಿಲುಕಿದರು. ಒಬ್ಬನನ್ನು ಜೀವಸಹಿತ ಹೊರತೆಗೆದರು, ಇನ್ನೊಬ್ಬನು ಬದುಕಲಿಲ್ಲ.

ಕೆಲಸಗಾರರ ಪರಿಹಾರದ ಹೊಣೆಯು ನಮ್ಮ ದೇಶಕ್ಕೆ ಹೊಸದಲ್ಲ. 1923ರ ಕಾಯಿದೆಯೇ ಅದನ್ನು ಕೆಲಸ ಕೊಟ್ಟವನ ಮೇಲೆ ಹೊರಿಸಿತ್ತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ಮೊತ್ತದ ಅಂದಾಜು ವಾಚಕರಿಗೆ ಆಗಲೆಂದು ಹಳೆಯ ಕಾಯಿದೆಯ ಒಂದು ಲೆಕ್ಕವನ್ನು ಕೊಡುವೆನು. ಅದರಲ್ಲಿ 2020ರಿಂದ ತಿಂಗಳ ಕೂಲಿಯನ್ನು ಗರಿಷ್ಠ 15,000 ರೂಪಾಯಿಗಳೆಂದು ಹಿಡಿಯುತ್ತಿದ್ದರು. ಮೂವತ್ತು ವಯಸ್ಸಿನವನು ಕೆಲಸದಲ್ಲಿ ಮೃತನಾದರೆ, ಕೂಲಿಯ ಅರ್ಧವನ್ನು, ಎಂದರೆ 7,500ನ್ನು, ಆ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಬೇಕು. 15,59,850 ರೂಪಾಯಿಗಳಾದುವು. ಸಣ್ಣ ಕಂತ್ರಾಟುದಾರನು ಇಷ್ಟನ್ನು ಎಲ್ಲಿಂದ ತಂದಾನು? ಅದಕ್ಕಾಗಿಯೇ ವಿಮೆ. ಕಟ್ಟಡದ ವೆಚ್ಚದಲ್ಲಿ ಶೇಕಡಾ 1ರಂತೆ ಕಾರ್ಮಿಕರ ಕಲ್ಯಾಣಕ್ಕೆಂದು ವಸೂಲು ಮಾಡುವ ಸುಂಕವನ್ನು ಕಟ್ಟಿದ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲ. ಆ ಹಣವು ಕಲ್ಯಾಣ ಮಂಡಳಿಗೆ ಸಲ್ಲುತ್ತದೆ. ಅದರ ಫಲವೂ, ವರ್ಷದಲ್ಲಿ 90 ದಿನ ಕೆಲಸ ಮಾಡಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ. ಬಿಹಾರದಿಂದಲೋ ಗದಗದಿಂದಲೋ ಬಂದು ಊರಿಂದೂರಿಗೆ ಅಲೆಯುವವನ ಹೆಸರು ಅಲ್ಲಿರುವುದು ಅನುಮಾನ.

ಕಳೆದ ವರ್ಷ ನನ್ನ ಮಗಳು ಮನೆ ಕಟ್ಟಿಸಲು ಹೊರಟಾಗ ನಾನು ಕರಾರುಪತ್ರವನ್ನು ಸ್ವಹಸ್ತದಿಂದ ಬರೆದೆನು. ಕೆಲಸಗಾರರನ್ನು ಯಾರೇ ಕರೆತಂದಿರಲಿ, ಅವರೆಲ್ಲರೂ ಕಂತ್ರಾಟುದಾರನ ಜನರೆಂದೇ ಎಣಿಸತಕ್ಕದ್ದೆಂದೂ, ವಿಮೆಯ ಪತ್ರವನ್ನು ತೋರಿಸಿದ ಬಳಿಕವೇ ಮೊದಲನೆಯ ಕಂತು ಸಲ್ಲುವುದೆಂದೂ ಅದರಲ್ಲಿ ಕಾಣಿಸಿದೆನು. ಕಂತ್ರಾಟುದಾರನು ಓದಿ ನಕ್ಕು, “ಮಾಷ್ಟ್ರೇ, ಇಪ್ಪತ್ತು ವರ್ಷದಲ್ಲಿ ಇದನ್ನು ಕೇಳಿದವರು ನೀವೇ ಮೊದಲು” ಎಂದನು. ಮೂರನೆಯ ದಿನ ಒಂದು ಪತ್ರವನ್ನು ತಂದನು. ಮುದ್ರೆ, ರುಜು ಎಲ್ಲವೂ ಸರಿಯಾಗಿದ್ದುವು. ಕನ್ನಡಕವನ್ನು ಏರಿಸಿ ನೋಡಿದರೆ, ಕೆಲಸದ ಸ್ಥಳವೆಂದು ಬೇರೆ ಊರಿನ ಹೆಸರಿತ್ತು. ಅವಧಿಯು ಹಿಂದಿನ ಮಾರ್ಚಿಗೆ ಮುಗಿದಿತ್ತು. ಕೆಲಸಗಾರರ ಸಂಖ್ಯೆ ನಾಲ್ಕು. ನಮ್ಮ ಅಂಗಳದಲ್ಲಿ ಆ ಹೊತ್ತಿಗೆ ಹನ್ನೊಂದು ಮಂದಿ ಕಲ್ಲು ಇಳಿಸುತ್ತಿದ್ದರು. ಅವನು ಮೋಸಗಾರನಲ್ಲ, ಆ ಪತ್ರವನ್ನು ತಾನೇ ಒಮ್ಮೆಯೂ ಓದಿರಲಿಲ್ಲವಷ್ಟೆ. ಇಬ್ಬರೂ ಜೊತೆಯಾಗಿ ಕುಳಿತು ಅದನ್ನು ಸಾಲುಸಾಲಾಗಿ ಓದಿದೆವು. ಹೊಸ ಪತ್ರ ಬರಲು ಇನ್ನೂ ಒಂದು ವಾರ ಹಿಡಿಯಿತು. ಅಷ್ಟು ದಿನ ಕೆಲಸ ನಿಂತುದಕ್ಕೆ ಮಗಳು ನನ್ನ ಮೇಲೆ ಮುನಿಸಿಕೊಂಡಳು. ಅವಳ ತಾಯಿ ಮಾತ್ರ ಏನನ್ನೂ ಹೇಳದೆ, ಆ ಹೊಸ ಪತ್ರದ ಒಂದು ಪ್ರತಿಯನ್ನು ತೆಗೆದು ಕಪಾಟಿನಲ್ಲಿ ಮನೆಯ ಕ್ರಯಪತ್ರದ ಜೊತೆಗೆ ಇಟ್ಟಳು.