ಅಂತಿಮ ಅಂಕದ ಲೆಕ್ಕದಲ್ಲಿ ಯಾವುದಕ್ಕೆ ಎಷ್ಟು ತೂಕ?

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೊಂದನ್ನು ಕೈಗೆತ್ತಿಕೊಳ್ಳಿ. ಒಟ್ಟು ಅಂಕ 625. ವಿಷಯಗಳು ಆರೇ ಆದರೂ ಮೊತ್ತ 600 ಅಲ್ಲ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಒಬ್ಬ ವಿದ್ಯಾರ್ಥಿನಿ ಪ್ರಥಮ ಭಾಷೆಯಲ್ಲಿ 85, ಉಳಿದವುಗಳಲ್ಲಿ 92, 90, 94, 88, 96 ಪಡೆದಿದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಶೇಕಡಾವಾರು ಎಷ್ಟು?

ಆರೂ ವಿಷಯಗಳ ಶೇಕಡಾ ಅಂಕಗಳನ್ನು ಬರೆದು, ಕೂಡಿ, ಆರರಿಂದ ಭಾಗಿಸುವವರಿದ್ದಾರೆ. 125ಕ್ಕೆ 85 ಎಂದರೆ ಶೇ. 68. ಉಳಿದ ಐದರ ಮೊತ್ತ 460. ಎರಡೂ ಸೇರಿ 528; ಆರರಿಂದ ಭಾಗಿಸಿದರೆ ಶೇ. 88. ಆದರೆ ಅಂಕಪಟ್ಟಿಯಲ್ಲಿರುವುದು 625ಕ್ಕೆ 545, ಅಂದರೆ ಶೇ. 87.2. ಮೊದಲ ಲೆಕ್ಕದಲ್ಲಿ ಎಲ್ಲ ವಿಷಯಗಳನ್ನೂ ಸಮಾನವಾಗಿ ಕಂಡೆವು. ವಾಸ್ತವದಲ್ಲಿ ಪ್ರಥಮ ಭಾಷೆಯ ಪಾಲು 125/625, ಅಂದರೆ 0.20, ಉಳಿದ ಪ್ರತಿಯೊಂದು ವಿಷಯದ ಪಾಲು 0.16. ಆಕೆ ಕಡಿಮೆ ಅಂಕ ಪಡೆದದ್ದು ಹೆಚ್ಚು ಪಾಲಿನ ವಿಷಯದಲ್ಲಿಯೇ ಆದ್ದರಿಂದ ಶೇಕಡಾವಾರು ಕೆಳಗಿಳಿಯಿತು.

ಈ ಪಾಲನ್ನೇ ಸಂಖ್ಯಾಶಾಸ್ತ್ರದಲ್ಲಿ 'ತೂಕ' ಎನ್ನುತ್ತೇವೆ. ಕಾಲೇಜುಗಳಲ್ಲಿ ನಾವೆಲ್ಲ 'ವೇಟೇಜ್' ಎನ್ನುವುದು ಇದನ್ನೇ. ಪ್ರತಿ ಘಟಕದ ಶೇಕಡಾ ಅಂಕವನ್ನು ಅದರ ತೂಕದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿ, ತೂಕಗಳ ಮೊತ್ತದಿಂದ ಭಾಗಿಸಿದರೆ ಸಿಗುವುದು ತೂಕಿತ ಸರಾಸರಿ. ತೂಕಗಳ ಮೊತ್ತ 1 ಆಗಿದ್ದರೆ ಭಾಗಿಸುವ ಕೆಲಸವೂ ಇಲ್ಲ. 0.20 × 68 = 13.6; 0.16 × 460 = 73.6, ಕೂಡಿದರೆ 87.2.

ಇಷ್ಟು ಸರಳವಾದ ಲೆಕ್ಕದಲ್ಲಿ ತಪ್ಪಲು ಏನಿದೆ ಎಂದು ನಿಮಗನ್ನಿಸಬಹುದು. ನಾನೇ ತಪ್ಪಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 50 ಅಂಕ, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 50 ಅಂಕ ಇದ್ದವು. ಆಂತರಿಕ 50ರಲ್ಲಿ ಎರಡು ಕಿರುಪರೀಕ್ಷೆಗಳಿಗೆ ಒಟ್ಟು 25, ನಿಯೋಜಿತ ಕಾರ್ಯಕ್ಕೆ (ನಾವು ಅಸೈನ್‌ಮೆಂಟ್ ಎನ್ನುತ್ತಿದ್ದುದು) 25. ನಾನು ಕಿರುಪರೀಕ್ಷೆಗಳನ್ನು ತಲಾ 40 ಅಂಕಕ್ಕೂ ಅಸೈನ್‌ಮೆಂಟನ್ನು 20 ಅಂಕಕ್ಕೂ ನಡೆಸಿದ್ದೆ. 40, 40, 20. ಮೊತ್ತ ಸರಿಯಾಗಿ ನೂರು. ಹೀಗೆ ಚೊಕ್ಕವಾಗಿ ನೂರು ಬಂದದ್ದೇ ನನ್ನನ್ನು ದಾರಿ ತಪ್ಪಿಸಿತು. ಮೂರನ್ನೂ ಕೂಡಿ ಅರ್ಧ ಮಾಡಿ ಸೂಚನಾ ಫಲಕಕ್ಕೆ ಹಚ್ಚಿಬಿಟ್ಟೆ.

ಮರುದಿನ ಒಬ್ಬ ವಿದ್ಯಾರ್ಥಿನಿ ಒಂದು ಚೀಟಿ ಹಿಡಿದು ಬಂದಳು. ಅವಳ ಅಂಕಗಳು 24, 32 ಮತ್ತು 18. ನನ್ನ ಲೆಕ್ಕದಲ್ಲಿ ಮೊತ್ತ 74, ಅರ್ಧ 37. "ಸರ್, ಅಸೈನ್‌ಮೆಂಟಿಗೆ ಅರ್ಧ ಪಾಲು ಅಂತ ನೀವೇ ಹೇಳಿದ್ರಲ್ಲ, ಇಲ್ಲಿ ಐದನೇ ಒಂದು ಪಾಲು ಮಾತ್ರ ಬಂದಿದೆ" ಎಂದಳು. ಅವಳ ಚೀಟಿಯಲ್ಲಿ ಹೀಗಿತ್ತು: ಕಿರುಪರೀಕ್ಷೆಗಳಲ್ಲಿ 80ಕ್ಕೆ 56, ಅಂದರೆ ಶೇ. 70, 25ರಲ್ಲಿ 17.5. ಅಸೈನ್‌ಮೆಂಟಿನಲ್ಲಿ 20ಕ್ಕೆ 18, ಅಂದರೆ ಶೇ. 90, 25ರಲ್ಲಿ 22.5. ಒಟ್ಟು 40.

ಅವಳು ಹೇಳಿದ್ದು ಸರಿಯಾಗಿತ್ತು. ಅಂಕಗಳನ್ನು ಇನ್ನೂ ಮೇಲಕ್ಕೆ ಕಳುಹಿಸಿರಲಿಲ್ಲವಾದ್ದರಿಂದ ಇಡೀ ತರಗತಿಯ ಲೆಕ್ಕವನ್ನು ಹೊಸದಾಗಿ ಮಾಡಿದೆ. ಹಲವರಿಗೆ ಅಂಕ ಹೆಚ್ಚಿತು. ಕಿರುಪರೀಕ್ಷೆ ಚೆನ್ನಾಗಿ ಬರೆದು ಅಸೈನ್‌ಮೆಂಟನ್ನು ಕಾಟಾಚಾರಕ್ಕೆ ಮಾಡಿದ್ದ ಇಬ್ಬರಿಗೆ ಕಡಿಮೆಯಾಯಿತು. ಫಲಕದಲ್ಲಿ ಒಮ್ಮೆ ಕಂಡ ಅಂಕ ಮರುದಿನ ಇಳಿದದ್ದಕ್ಕೆ ಅವರು ಗೊಣಗಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ವಿದ್ಯಾರ್ಥಿನಿ ಸೆಮಿಸ್ಟರ್ ಪರೀಕ್ಷೆಯಲ್ಲಿ ನೂರಕ್ಕೆ 44 ಪಡೆದಳು, ಅಂದರೆ 50ಕ್ಕೆ 22. ಒಟ್ಟು 62. ನನ್ನ ಮೊದಲ ಲೆಕ್ಕವೇ ಹೋಗಿದ್ದರೆ 59 ಆಗುತ್ತಿತ್ತು, ಪ್ರಥಮ ದರ್ಜೆ ಒಂದು ಅಂಕದಲ್ಲಿ ತಪ್ಪುತ್ತಿತ್ತು. 70, 90, 44 ಈ ಮೂರು ಶೇಕಡಾಗಳ ಸಾದಾ ಸರಾಸರಿ ತೆಗೆದಿದ್ದರೆ 68 ಬರುತ್ತಿತ್ತು. ಒಂದೇ ಉತ್ತರಪತ್ರಿಕೆಗಳಿಂದ 59, 62, 68 ಎಂಬ ಮೂರು ಉತ್ತರಗಳು. ನಿಯಮ ಹೇಳುವುದು 62.

ಎಲ್ಲಿ ತಪ್ಪಿತು ಎಂಬುದನ್ನು ಗಮನಿಸಿ. ಪರೀಕ್ಷೆಯನ್ನು ಎಷ್ಟು ಅಂಕಕ್ಕೆ ನಡೆಸುತ್ತೇವೆ ಎಂಬುದು ಬೇರೆ, ಅಂತಿಮ ಫಲಿತಾಂಶದಲ್ಲಿ ಅದಕ್ಕೆ ಎಷ್ಟು ತೂಕ ಎಂಬುದು ಬೇರೆ. ಅಂಕಗಳನ್ನು ಹಾಗೆಯೇ ಕೂಡಿದಾಗ ಗರಿಷ್ಠ ಅಂಕವೇ ನಮಗೆ ತಿಳಿಯದಂತೆ ತೂಕವಾಗಿಬಿಡುತ್ತದೆ. ಮೊದಲು ಶೇಕಡಾಕ್ಕೆ ತರಬೇಕು, ಆಮೇಲೆ ತೂಕದಿಂದ ಗುಣಿಸಬೇಕು.

'ತೂಕ' ಎಂಬ ಮಾತು ಬರಿಯ ಉಪಮೆಯಲ್ಲ. ಪ್ರಯೋಗಶಾಲೆಯ ಮೀಟರ್ ಅಳತೆಪಟ್ಟಿಯೊಂದನ್ನು ತೆಗೆದುಕೊಳ್ಳಿ. 70 ಸೆಂ.ಮೀ. ಗುರುತಿನಲ್ಲಿ 250 ಗ್ರಾಂ, 90ರಲ್ಲಿ 250 ಗ್ರಾಂ, 44ರಲ್ಲಿ 500 ಗ್ರಾಂ ತೂಗುಹಾಕಿ. ಆನಿಕೆಯನ್ನು 62ರಲ್ಲಿ ಇಟ್ಟರೆ ಪಟ್ಟಿ ಸಮತೋಲನದಲ್ಲಿ ನಿಲ್ಲಬೇಕು. ಎಡಕ್ಕೆ 500 × 18 = 9000; ಬಲಕ್ಕೆ 250 × 8 ಮತ್ತು 250 × 28 ಸೇರಿ 9000. ತೂಕಿತ ಸರಾಸರಿಯೂ ಗುರುತ್ವ ಕೇಂದ್ರವೂ ಒಂದೇ ಲೆಕ್ಕ. ಮಾಡಿ ನೋಡಿದರೆ ಮಾತ್ರ ಸಮತೋಲನ 62ಕ್ಕಿಂತ ಸ್ವಲ್ಪ ಎಡಕ್ಕೆ ಸಿಗುತ್ತದೆ. ಪಟ್ಟಿಗೂ ತನ್ನದೇ ತೂಕವಿದೆ, ಅದು 50ರ ಗುರುತಿನಲ್ಲಿ ಕೆಲಸಮಾಡುತ್ತದೆ. ಪಟ್ಟಿ 100 ಗ್ರಾಂ ಇದ್ದರೆ (62 × 1000 + 50 × 100) ÷ 1100, ಅಂದರೆ ಸುಮಾರು 60.9. ಈ ವ್ಯತ್ಯಾಸಕ್ಕೆ ಕಾರಣವೇನೆಂದು ವಿದ್ಯಾರ್ಥಿಗಳನ್ನೇ ಕೇಳಿ; ಸೂತ್ರ ಬರೆಸುವುದಕ್ಕಿಂತ ಇದು ಚೆನ್ನಾಗಿ ತಲೆಗೆ ಹೋಗುತ್ತದೆ.

ಇನ್ನು ವಿದ್ಯಾರ್ಥಿಗಳಿಗೆ ನಿಜವಾಗಿ ಬೇಕಾದ ಪ್ರಶ್ನೆಗೆ ಬರೋಣ. ಆಂತರಿಕ ಅಂಕ ಗೊತ್ತಾಗಿದೆ, ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರಗಳಿವೆ. ಎಷ್ಟು ತೆಗೆಯಬೇಕು? ಪರೀಕ್ಷೆ ನೂರು ಅಂಕಕ್ಕೆ ನಡೆದು ಐವತ್ತಕ್ಕೆ ಇಳಿಯುವಲ್ಲಿ ಉತ್ತರ ಸುಲಭ: ಬಯಸಿದ ಒಟ್ಟು ಅಂಕದಿಂದ ಆಂತರಿಕ ಅಂಕವನ್ನು ಕಳೆದು ಎರಡರಿಂದ ಗುಣಿಸಿ. ಆಂತರಿಕ 40 ಇದ್ದವರಿಗೆ 60 ಬೇಕಾದರೆ ಪರೀಕ್ಷೆಯಲ್ಲಿ 40 ಸಾಕು. 75 ಬೇಕಾದರೆ 70. 90 ಬೇಕಾದರೆ ನೂರಕ್ಕೆ ನೂರು. ಆಂತರಿಕ 20 ಮಾತ್ರ ಇದ್ದವರಿಗೆ 60 ಮುಟ್ಟಲು 80 ಬೇಕು. ಆಂತರಿಕದ ಒಂದು ಅಂಕ ಪರೀಕ್ಷೆಯ ಎರಡು ಅಂಕಗಳಿಗೆ ಸಮ ಎಂಬುದು ಸೆಮಿಸ್ಟರಿನ ಮೊದಲ ವಾರದಲ್ಲೇ ತಿಳಿದರೆ ಪ್ರಯೋಜನ. ಅನೇಕರಿಗೆ ತಿಳಿಯುವುದು ಹದಿನೈದನೇ ವಾರದಲ್ಲಿ.

ಇದೇ ಸೂತ್ರವನ್ನು ಕೆಳಮುಖವಾಗಿ ಎಳೆದರೆ ಅಪಾಯವಿದೆ. ಆಂತರಿಕದಲ್ಲಿ 40 ಬಂದವನು 'ಪಾಸಾಗಲು 40 ಸಾಕು, ಪರೀಕ್ಷೆಯಲ್ಲಿ ಸೊನ್ನೆ ಬಂದರೂ ನಡೆಯುತ್ತದೆ' ಎಂದು ತಿಳಿಯಬಹುದು. ಹಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಯೋಜನೆಯನ್ನೇ ನೋಡಿ. ಲಿಖಿತ ವಿಷಯಗಳಲ್ಲಿ ಆಂತರಿಕದ 50ಕ್ಕೆ ಕನಿಷ್ಠ 20, ಅಂತಿಮ ಪರೀಕ್ಷೆಯಲ್ಲಿ ಕನಿಷ್ಠ ಶೇ. 35, ಎರಡೂ ಸೇರಿ ಕನಿಷ್ಠ 40 ಬೇಕು. ಒಬ್ಬನಿಗೆ ಆಂತರಿಕ 45, ಪರೀಕ್ಷೆಯಲ್ಲಿ 34. ಮೊತ್ತ 62, ಆದರೂ ಅನುತ್ತೀರ್ಣ. ಇನ್ನೊಬ್ಬನಿಗೆ ಆಂತರಿಕ 22, ಪರೀಕ್ಷೆಯಲ್ಲಿ 36. ಮೊತ್ತ 40, ಉತ್ತೀರ್ಣ. ಸರಾಸರಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು. ಕನಿಷ್ಠ ಮಿತಿಯ ಮುಂದೆ ಈ ಹೊಂದಾಣಿಕೆ ನಡೆಯುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ತೂಕವನ್ನೂ ಮಿತಿಯನ್ನೂ ಬೇರೆಬೇರೆಯಾಗಿ ಗುರುತು ಹಾಕಿಕೊಳ್ಳಿ.

ಒಂದು ವಿಷಯದ ಒಳಗೆ ನಡೆಯುವ ಈ ಲೆಕ್ಕವೇ ಇಡೀ ಸೆಮಿಸ್ಟರಿಗೆ ಇನ್ನೊಮ್ಮೆ ನಡೆಯುತ್ತದೆ. ಅಲ್ಲಿ ತೂಕದ ಕೆಲಸ ಮಾಡುವುದು ಕ್ರೆಡಿಟ್. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ಮಾರ್ಗಸೂಚಿಯಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಯೋಗಕ್ಕೆ ಒಂದು ಕ್ರೆಡಿಟ್. ಗ್ರೇಡುಗಳಿಗೆ 10ರಿಂದ ಕೆಳಗೆ ಗ್ರೇಡ್ ಅಂಕಗಳು. ಗ್ರೇಡ್ ಅಂಕವನ್ನು ಕ್ರೆಡಿಟ್‌ನಿಂದ ಗುಣಿಸಿ, ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ. ನಾಲ್ಕು ಕ್ರೆಡಿಟ್‌ನ ಎರಡು ವಿಷಯಗಳಲ್ಲಿ 6 ಮತ್ತು 7, ಮೂರು ಕ್ರೆಡಿಟ್‌ನ ಎರಡರಲ್ಲಿ 8 ಮತ್ತು 8, ಒಂದು ಕ್ರೆಡಿಟ್‌ನ ಪ್ರಯೋಗದಲ್ಲಿ 10 ಬಂದಿದೆ ಎನ್ನಿ. 24 + 28 + 24 + 24 + 10 = 110; ಹದಿನೈದರಿಂದ ಭಾಗಿಸಿದರೆ 7.33. ಸಾದಾ ಸರಾಸರಿ 7.8 ಎಂದು ಹೇಳಿ ಆಸೆ ಹುಟ್ಟಿಸುತ್ತದೆ. ನಾಲ್ಕು ಕ್ರೆಡಿಟ್‌ನ ವಿಷಯದಲ್ಲಿ ಒಂದು ಗ್ರೇಡ್ ಮೇಲೇರಿದರೆ ಎಸ್‌ಜಿಪಿಎ 0.27ರಷ್ಟು ಏರುತ್ತದೆ, ಒಂದು ಕ್ರೆಡಿಟ್‌ನದರಲ್ಲಿ 0.07 ಮಾತ್ರ.

ಸೆಮಿಸ್ಟರುಗಳನ್ನು ಸೇರಿಸಿ ಸಿಜಿಪಿಎ ಪಡೆಯುವಾಗಲೂ ಹಾಗೆಯೇ. 20 ಕ್ರೆಡಿಟ್‌ನ ಸೆಮಿಸ್ಟರಿನಲ್ಲಿ 7.0, 24ರದ್ದರಲ್ಲಿ 8.0 ಬಂದರೆ ಸಿಜಿಪಿಎ 7.5 ಅಲ್ಲ; 332 ÷ 44 = 7.55. ದಶಮಾಂಶಗಳನ್ನು ಕೊನೆಯಲ್ಲಿ ಒಮ್ಮೆ ಮಾತ್ರ ಸರಿಹೊಂದಿಸಿ, ನಡುನಡುವೆ ಬೇಡ.

ಮುಂದಿನ ಗುರಿಯನ್ನೂ ಹೀಗೆಯೇ ಅಳೆಯಬಹುದು. 160 ಕ್ರೆಡಿಟ್‌ನ ಪದವಿಯಲ್ಲಿ 120 ಮುಗಿದಿವೆ, ಸಿಜಿಪಿಎ 7.2. ಅದನ್ನು 7.5ಕ್ಕೆ ಏರಿಸಬೇಕಾದರೆ ಉಳಿದ 40ರಲ್ಲಿ (7.5 × 160 − 7.2 × 120) ÷ 40 = 8.4 ಬೇಕು; ಕಷ್ಟ, ಆದರೆ ಸಾಧ್ಯ. 8.0 ಬೇಕೆಂದರೆ 10.4 ಬರುತ್ತದೆ. ಹತ್ತಕ್ಕಿಂತ ಮೇಲಿನ ಗ್ರೇಡ್ ಅಂಕವೇ ಇಲ್ಲ. ಇಂಥ ವಿದ್ಯಾರ್ಥಿಗೆ 'ಪ್ರಯತ್ನಪಟ್ಟರೆ ಎಂಟು ಮುಟ್ಟುತ್ತೀಯ' ಎಂದು ಹುರಿದುಂಬಿಸುವುದು ಸಲ್ಲ.

ಸಿಜಿಪಿಎಯಿಂದ ಶೇಕಡಾಕ್ಕೆ ಹಿಂದಿರುಗುವ ದಾರಿ ಅಷ್ಟು ನೇರವಲ್ಲ. 60 ಪಡೆದವರಿಗೂ 69 ಪಡೆದವರಿಗೂ 7 ಎಂಬ ಒಂದೇ ಗ್ರೇಡ್ ಅಂಕ ಕೊಟ್ಟ ಮೇಲೆ ಮೂಲ ಅಂಕ ಅಳಿಸಿಹೋಯಿತು. ಎಐಸಿಟಿಇಯ ಅನುಮೋದನೆ ಕೈಪಿಡಿಯಲ್ಲಿ ಪ್ರಕಟವಾದ ಕೋಷ್ಟಕದಲ್ಲಿ 6.75ಕ್ಕೆ ಶೇ. 60, 7.25ಕ್ಕೆ 65, 7.75ಕ್ಕೆ 70 ಎಂದಿದೆ. ಅಂದರೆ 0.75 ಕಳೆದು ಹತ್ತರಿಂದ ಗುಣಿಸಿದಂತೆ. ಈ ಪ್ರಕಾರ 7ಕ್ಕೆ ಶೇ. 62.5, 60ರಿಂದ 70ರ ವ್ಯಾಪ್ತಿಯಲ್ಲಿ ಕಾಲುಭಾಗ ಮೇಲೆ. ಇದು ಒಪ್ಪಂದದ ಅಂದಾಜು ಅಷ್ಟೆ. ಅರ್ಜಿ ತುಂಬುವಾಗ ನಿಮ್ಮ ವಿಶ್ವವಿದ್ಯಾಲಯ ಹೇಳಿದ ಸೂತ್ರವನ್ನೇ ಬಳಸಿ.

ಕೊನೆಯದಾಗಿ ಅಧ್ಯಾಪಕ ಮಿತ್ರರೊಡನೆ ಒಂದು ಮಾತು. ನಿಯಮಾವಳಿಯಲ್ಲಿ 50:50 ಎಂದು ಅಚ್ಚಾಗಿದೆ ಎಂದ ಮಾತ್ರಕ್ಕೆ ಎರಡೂ ಘಟಕಗಳು ಸಮನಾಗಿ ಕೆಲಸಮಾಡುತ್ತವೆಯೆ? ಐವರು ವಿದ್ಯಾರ್ಥಿಗಳ ಅಂಕಗಳನ್ನು ನೋಡಿ, ಎರಡೂ 50ಕ್ಕೆ.

ಮೊದಲನೆಯವರು: ಆಂತರಿಕ 48, ಪರೀಕ್ಷೆ 20, ಒಟ್ಟು 68
ಎರಡನೆಯವರು: 47, 28, ಒಟ್ಟು 75
ಮೂರನೆಯವರು: 46, 24, ಒಟ್ಟು 70
ನಾಲ್ಕನೆಯವರು: 45, 38, ಒಟ್ಟು 83
ಐದನೆಯವರು: 44, 33, ಒಟ್ಟು 77

ಒಟ್ಟು ಅಂಕದ ಪ್ರಕಾರ ಸಾಲು ಹಚ್ಚಿ. ನಾಲ್ಕು, ಐದು, ಎರಡು, ಮೂರು, ಒಂದು. ಪರೀಕ್ಷೆಯ ಅಂಕವೊಂದನ್ನೇ ಹಿಡಿದು ಸಾಲು ಹಚ್ಚಿದರೂ ಅದೇ ಕ್ರಮ! ಆಂತರಿಕದಲ್ಲಿ ಎಲ್ಲರಿಗಿಂತ ಮುಂದಿದ್ದವರು ಒಟ್ಟಿನಲ್ಲಿ ಎಲ್ಲರಿಗಿಂತ ಹಿಂದೆ. ಆಂತರಿಕ ಅಂಕಗಳ ಹರಹು ಕೇವಲ 4, ಪರೀಕ್ಷೆಯದು 18. ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ ಸಿಕ್ಕುವ ಅಂಕ ಎಲ್ಲರನ್ನೂ ಒಟ್ಟಿಗೆ ಮೇಲೆತ್ತುತ್ತದೆಯೇ ಹೊರತು ಯಾರನ್ನೂ ಬೇರೆಯಾಗಿ ತೋರಿಸುವುದಿಲ್ಲ. ಅಚ್ಚಾದ ತೂಕ ಶೇ. 50 ಆದರೂ ಸ್ಥಾನ ನಿರ್ಣಯದಲ್ಲಿ ಆಂತರಿಕದ ಪಾತ್ರ ಇಲ್ಲಿ ಸೊನ್ನೆಗೆ ಹತ್ತಿರ.

ಉದಾರವಾಗಿ ಎಲ್ಲರಿಗೂ 45ರ ಮೇಲೆ ಕೊಟ್ಟರೆ ಮಕ್ಕಳಿಗೆ ಉಪಕಾರವಾಯಿತೆಂದು ನಾವು ಭಾವಿಸುತ್ತೇವೆ. ಪಾಸಾಗಲು ಅದು ನೆರವಾದೀತು. ಆದರೆ ಸೆಮಿಸ್ಟರ್ ಪೂರ್ತಿ ದುಡಿದು ಪರೀಕ್ಷೆಯ ಮೂರು ಗಂಟೆಗಳಲ್ಲಿ ಎಡವಿದ ವಿದ್ಯಾರ್ಥಿಗೆ ಆ ದುಡಿಮೆಯ ಲಾಭ ಸಿಗುವುದಿಲ್ಲ. ಅಂಕಗಳನ್ನು ಫಲಕಕ್ಕೆ ಹಚ್ಚುವ ಮೊದಲು ಪ್ರತಿ ಘಟಕದ ಕೆಳಗೆ ಅದರ ಗರಿಷ್ಠ ಅಂಕ, ಅದರ ತೂಕ, ತರಗತಿಯಲ್ಲಿ ಬಂದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಗಳ ಅಂತರ, ಈ ಮೂರನ್ನು ಬರೆದುಕೊಳ್ಳುವುದನ್ನು ನಾನು ಆ ಚೀಟಿ ಬಂದ ವರ್ಷದಿಂದ ರೂಢಿ ಮಾಡಿಕೊಂಡೆ. ಅರವತ್ತು ಜನರ ತರಗತಿಗೆ ಹತ್ತು ನಿಮಿಷ ಹಿಡಿಯುತ್ತದೆ.